ಕೊಡಗಿನಲ್ಲಿ ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು? ಫಾರ್ವರ್ಡ್‌ಗಳು ಹೇಳುವುದೇನು, ಬಿಡುವುದೇನು?

ಶನಿವಾರ–ಭಾನುವಾರಕ್ಕೆ ಇನ್ನೊಂದು ರಜೆ ಸೇರಿತೆಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಕೊಡಗಿನ ಬಗ್ಗೆ ಮೂರು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಮೊದಲನೆಯದು ಆಸೆ ಹುಟ್ಟಿಸುವಂಥದ್ದು: ಎಕ್ಸ್‌ಪ್ರೆಸ್‌ವೇ ಬಂದಿದೆ, ಬೆಂಗಳೂರಿನಿಂದ ಮೂರೇ ಗಂಟೆ, ಊಟ, ತಿಂಡಿ, ಕ್ಯಾಂಪ್‌ಫೈರ್ ಎಲ್ಲ ಸೇರಿ ತಲೆಗೆ ಇಷ್ಟೇ. ಎರಡನೆಯದು ಹೆದರಿಸುವಂಥದ್ದು: ಗುಡ್ಡ ಜಾರಿ ಮನೆ ಕೊಚ್ಚಿಹೋಗುವ ವಿಡಿಯೊ, ಜೊತೆಗೆ ಕೊಡಗಿನ ಕಡೆ ಯಾರೂ ಹೋಗಬೇಡಿ ಎಂಬ ಸಾಲು. ಮೂರನೆಯದು ಎಚ್ಚರಿಕೆ ಹೇಳುವಂಥದ್ದು: ರೂಮಿನ ಕನ್ನಡಿಗೆ ಬೆರಳಿಟ್ಟು ನೋಡಿ, ಗುಪ್ತ ಕ್ಯಾಮೆರಾ ಪತ್ತೆಯಾಗುತ್ತದೆ.

ಈ ಮೂರರಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ರೂಮ್ ಬುಕ್ ಮಾಡುವವರಿಗೆ ನಿಜಕ್ಕೂ ಬೇಕಾದ ಮಾಹಿತಿ ಮೂರರಲ್ಲೂ ಇಲ್ಲ. ಫೋನಿನ ತೆರೆಯ ಮೇಲೆ ನಮಗೆ ಕಾಣುವುದು ದೂರ, ದರ ಮತ್ತು ಸ್ಟಾರ್. ಮಲೆನಾಡಿನಲ್ಲಿ ನಮ್ಮ ಎರಡು ದಿನ ಹೇಗೆ ಕಳೆಯುತ್ತದೆ, ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದೇ ಎಂಬುದನ್ನು ತೀರ್ಮಾನಿಸುವುದು ತೆರೆಯ ಮೇಲೆ ಕಾಣದ ಬೇರೆ ಸಂಗತಿಗಳು: ರಸ್ತೆಯಲ್ಲಿ ಹಿಡಿಯುವ ಸಮಯ, ಮನೆ ನಿಂತಿರುವ ಜಾಗ, ಸ್ನಾನದ ಮನೆಯ ಗಾಳಿ ಮತ್ತು ಅಲ್ಲಿ ನಮ್ಮನ್ನು ನೋಡಿಕೊಳ್ಳುವ ಮನೆಯವರು. ಇವನ್ನು ಒಂದೊಂದಾಗಿ ನೋಡೋಣ. ಉದಾಹರಣೆಗೆ ಒಂದು ಊರು ಬೇಕಲ್ಲ, ಚೆಟ್ಟಳ್ಳಿಯನ್ನೇ ಇಟ್ಟುಕೊಳ್ಳೋಣ.

ಚೆಟ್ಟಳ್ಳಿ ಮಡಿಕೇರಿ–ಸಿದ್ದಾಪುರ ರಸ್ತೆಯಲ್ಲಿರುವ ಊರು. ಮಡಿಕೇರಿಯಿಂದ ಇಪ್ಪತ್ತು ಕಿ.ಮೀ.ಗಿಂತ ಕಡಿಮೆ. ಸುತ್ತಲೂ ಕಾಫಿ ತೋಟ, ಮರಗಳಿಗೆ ಹಬ್ಬಿದ ಕರಿಮೆಣಸು. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಇಲ್ಲಿವೆ. ಕೊಡಗಿನ ಕಿತ್ತಳೆಯಿಂದ ಹಿಡಿದು ರಂಬುಟಾನ್, ಬೆಣ್ಣೆಹಣ್ಣಿನವರೆಗೆ ಇಲ್ಲಿ ಸಂಶೋಧನೆ ನಡೆದಿದೆ. ಮಡಿಕೇರಿಯ ಗದ್ದಲ ಬೇಡ, ತೋಟದ ನಡುವೆ ಇರಬೇಕು ಎನ್ನುವವರು ಹೋಂಸ್ಟೇ ಹುಡುಕುವಾಗ ಕಣ್ಣಿಗೆ ಬೀಳುವ ಊರುಗಳಲ್ಲಿ ಇದೂ ಒಂದು.

ಬೆಂಗಳೂರಿನಿಂದ ಮೂರೇ ಗಂಟೆಯೇ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿದ್ದು 2023ರ ಮಾರ್ಚ್ 12ರಂದು. ಉದ್ದ ಸುಮಾರು 119 ಕಿ.ಮೀ. ಇದರಿಂದ ಪ್ರಯಾಣದ ಸಮಯ ಕಡಿಮೆಯಾದದ್ದು ನಿಜ. ಆದರೆ ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ. ಇದೆ. ಎಕ್ಸ್‌ಪ್ರೆಸ್‌ವೇ ಕಳೆದರೆ ಇನ್ನೂ 140 ಕಿ.ಮೀ. ಉಳಿಯಿತು. ಈ ದಾರಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರದ ಮೂಲಕ ಸಾಗುತ್ತದೆ. ಊರುಗಳು, ಹಂಪ್‌ಗಳು, ಕೊನೆಯಲ್ಲಿ ತಿರುವುಗಳು. ಸರಾಸರಿ ಗಂಟೆಗೆ 45 ಕಿ.ಮೀ. ಎಂದು ಹಿಡಿದರೂ ಮೂರು ಗಂಟೆ ಇಲ್ಲೇ ಬೇಕು. ಎಕ್ಸ್‌ಪ್ರೆಸ್‌ವೇಗೆ ಒಂದೂವರೆ ಗಂಟೆ, ಬೆಂಗಳೂರು ದಾಟಲು ಮುಕ್ಕಾಲು ಗಂಟೆ, ತಿಂಡಿಗೆ ಅರ್ಧ ಗಂಟೆ ಸೇರಿಸಿ. ಐದೂಮುಕ್ಕಾಲು ಗಂಟೆ ಆಯಿತು. ರಜೆಯ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಟರೆ ಇದೂ ಸಾಲುವುದಿಲ್ಲ.

ಬೈಕಿನಲ್ಲಿ ಹೋಗುವವರಿಗೆ ಇನ್ನೊಂದು ಮಾತು. 2023ರ ಆಗಸ್ಟ್ 1ರಿಂದ ಈ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಕಾರಿನವರು ಹೇಳುವ ಲೆಕ್ಕ ಬೈಕಿನವರಿಗೆ ಹೊಂದುವುದಿಲ್ಲ.

ಇನ್ನು ರೈಲು, ವಿಮಾನ? ಕೊಡಗು ಜಿಲ್ಲೆಗೆ ರೈಲು ಮಾರ್ಗವಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಎಂಬ ಮಾತು ಬಹಳ ವರ್ಷಗಳಿಂದ ಇದ್ದರೂ ಹಳಿ ಬಂದಿಲ್ಲ. ರೈಲಿನಲ್ಲಿ ಬರುವವರು ಮೈಸೂರಿನಲ್ಲಿ ಇಳಿದು ಸುಮಾರು 120 ಕಿ.ಮೀ. ರಸ್ತೆಯಲ್ಲೇ ಬರಬೇಕು. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ದಕ್ಷಿಣ ಕೊಡಗಿಗೆ ಹತ್ತಿರ. ಆದರೆ ಅಲ್ಲಿಂದಲೂ ಘಟ್ಟ ಹತ್ತಿಯೇ ಬರಬೇಕು.

ಮಡಿಕೇರಿಯೋ, ಚೆಟ್ಟಳ್ಳಿಯೋ?

ಬುಕಿಂಗ್ ಆ್ಯಪ್‌ಗಳಲ್ಲಿ ‘ಮಡಿಕೇರಿಯಿಂದ ಇಷ್ಟು ಕಿ.ಮೀ.’ ಎಂದು ಬರೆದಿರುತ್ತದೆ. ನೀವು ನೋಡಲು ಹೊರಟ ಜಾಗದಿಂದ ಎಷ್ಟು ಸಮಯ ಎಂದು ಬರೆದಿರುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿಗೆ ಹೊಂದಿಕೊಂಡವರಿಗೆ ಹದಿನೈದು, ಇಪ್ಪತ್ತು ಕಿ.ಮೀ. ಖಾಲಿ ರಸ್ತೆ ಎಂದರೆ ಕಾಲು ಗಂಟೆ ಅನಿಸಬಹುದು. ಕೊಡಗಿನ ಒಳರಸ್ತೆಗಳಲ್ಲಿ ಗಂಟೆಗೆ 30 ಕಿ.ಮೀ. ಎಂದು ಹಿಡಿಯುವುದು ಕ್ಷೇಮ. ಮಂಜು, ಮಳೆ ಇದ್ದರೆ ಇನ್ನೂ ಕಡಿಮೆ.

ಒಂದು ಲೆಕ್ಕ ಮಾಡೋಣ. ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿ ಇನ್ನೂ 8 ಕಿ.ಮೀ. ನೀವು ಚೆಟ್ಟಳ್ಳಿಯಲ್ಲಿ ಉಳಿದರೆ ಮೊದಲು ಮಡಿಕೇರಿಗೆ ಬಂದು ಮತ್ತೆ ಪಶ್ಚಿಮಕ್ಕೆ ಹೋಗಬೇಕು. ಒಂದು ಕಡೆಗೆ ಅರವತ್ತು ಕಿ.ಮೀ. ಮೀರುತ್ತದೆ. ಹೋಗಿ ಬರಲು ನಾಲ್ಕು ಗಂಟೆಗೂ ಹೆಚ್ಚು. ಅದೇ ದಿನ ದಕ್ಷಿಣದ ತುದಿಯಲ್ಲಿರುವ ಇರ್ಪು ಜಲಪಾತವನ್ನೂ ‘ಮುಗಿಸುವ’ ಪ್ಯಾಕೇಜ್ ಯಾರಾದರೂ ಕಳಿಸಿದರೆ, ದಿನವಿಡೀ ಕಾರಿನ ಕಿಟಕಿಯಿಂದ ಕೊಡಗು ನೋಡಬೇಕಾಗುತ್ತದೆ ಎಂದು ತಿಳಿಯಿರಿ.

ಹಾಗೆಂದು ಚೆಟ್ಟಳ್ಳಿ ದೂರ ಎಂದಲ್ಲ. ದುಬಾರೆ, ಕಾವೇರಿ ನಿಸರ್ಗಧಾಮ, ಬೈಲಕುಪ್ಪೆಯ ಟಿಬೆಟನ್ ದೇವಾಲಯ ನಿಮ್ಮ ಪಟ್ಟಿಯಲ್ಲಿದ್ದರೆ, ಅಥವಾ ತೋಟದಲ್ಲಿ ಸುಮ್ಮನೆ ಎರಡು ದಿನ ಕಳೆಯುವುದೇ ಉದ್ದೇಶವಾಗಿದ್ದರೆ ಜಿಲ್ಲೆಯ ಪೂರ್ವಕ್ಕಿರುವ ಈ ಊರು ಅನುಕೂಲ. ರಾಜಾಸೀಟ್, ಕೋಟೆ, ಅಬ್ಬಿ ಜಲಪಾತ, ತಲಕಾವೇರಿ ನೋಡಬೇಕು, ಕೈಯಲ್ಲಿ ಸ್ವಂತ ವಾಹನವಿಲ್ಲ ಎಂದಾದರೆ ಮಡಿಕೇರಿಯ ಬಸ್ ನಿಲ್ದಾಣದ ಹತ್ತಿರವೇ ಉಳಿಯುವುದು ಬುದ್ಧಿವಂತಿಕೆ. ಮೊದಲು ನೋಡುವ ಜಾಗ, ಆಮೇಲೆ ಉಳಿಯುವ ಜಾಗ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತೇವೆ.

ಬಸ್, ಜೀಪು, ಬಾಡಿಗೆ ಕಾರು

ಬೆಂಗಳೂರು, ಮೈಸೂರಿನಿಂದ ಮಡಿಕೇರಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೆ ‘ಕೊಡಗು ಪ್ರವಾಸ ಪೂರ್ತಿ ಫ್ರೀ’ ಎಂದುಕೊಂಡು ಹೊರಡಬೇಡಿ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಯೋಜನೆ ಅನ್ವಯವಾಗುವುದಿಲ್ಲ. ಕೊಡಗಿನ ಒಳಗಿನ ಓಡಾಟದಲ್ಲಿ ಖಾಸಗಿ ಬಸ್ಸುಗಳ ಪಾಲು ದೊಡ್ಡದು. ಅಲ್ಲಿ ಟಿಕೆಟ್ ಕೊಳ್ಳಲೇಬೇಕು.

ಬಸ್ಸಿನಲ್ಲಿ ಬರುವವರು ಹೋಂಸ್ಟೇಯವರನ್ನು ಕೇಳಬೇಕಾದ ಪ್ರಶ್ನೆ ಎರಡು. ಬಸ್ ನಿಲ್ಲುವ ಜಾಗದಿಂದ ಮನೆಗೆ ಎಷ್ಟು ದೂರ? ಸಂಜೆಯ ಕೊನೆಯ ಬಸ್ ಎಷ್ಟಕ್ಕೆ? ತೋಟದ ಮನೆಗಳು ಮುಖ್ಯರಸ್ತೆಯಿಂದ ಎರಡು, ಮೂರು ಕಿ.ಮೀ. ಒಳಗಿರುವುದು ಸಾಮಾನ್ಯ. ಬೆಂಗಳೂರಿನಲ್ಲಿದ್ದಂತೆ ಆ್ಯಪ್ ಒತ್ತಿದರೆ ಟ್ಯಾಕ್ಸಿ ಬಂದು ನಿಲ್ಲುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಊರಿನ ಆಟೊ ಅಥವಾ ಜೀಪಿನವರ ನಂಬರನ್ನು ಹೋಂಸ್ಟೇಯವರಿಂದ ಮೊದಲೇ ಪಡೆದು, ಬಾಡಿಗೆ ಮಾತಾಡಿಕೊಳ್ಳಿ.

ಕಾರು ಬಾಡಿಗೆಗೆ ತೆಗೆದುಕೊಂಡು ತಾವೇ ಓಡಿಸುವವರು ನಂಬರ್ ಪ್ಲೇಟ್ ನೋಡಬೇಕು. ಹೀಗೆ ಬಾಡಿಗೆಗೆ ಕೊಡಲು ಅನುಮತಿ ಪಡೆದ ವಾಹನದ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಸ್ನೇಹಿತರ ಸ್ನೇಹಿತರು ಬಿಳಿ ಪ್ಲೇಟಿನ ಸ್ವಂತ ಕಾರನ್ನು ದಿನಬಾಡಿಗೆಗೆ ಕೊಟ್ಟರೆ ಅದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮಾ ಕಂಪನಿ ಹಣ ಕೊಡಲು ನಿರಾಕರಿಸಬಹುದು. ಉಳಿಸಿದ ಸಾವಿರ ರೂಪಾಯಿಗಿಂತ ಇದು ಬಹಳ ದುಬಾರಿ.

ತಿರುವುಗಳಲ್ಲಿ ವಾಂತಿ ಬರುವವರಿಗೆ ನಿಂಬೆಹಣ್ಣು ಮೂಸಿ, ಹೊಟ್ಟೆಗೆ ಪೇಪರ್ ಕಟ್ಟಿಕೊಳ್ಳಿ ಎಂಬ ಸಲಹೆಗಳು ಹಳೆಯವು. ಈ ತೊಂದರೆ ಶುರುವಾಗುವುದು ಹೊಟ್ಟೆಯಲ್ಲಲ್ಲ. ಒಳಕಿವಿ ‘ದೇಹ ತಿರುಗುತ್ತಿದೆ’ ಎಂದು ಮಿದುಳಿಗೆ ಹೇಳುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ‘ಎಲ್ಲ ಸ್ಥಿರವಾಗಿದೆ’ ಎನ್ನುತ್ತದೆ. ಈ ಗೊಂದಲವೇ ವಾಕರಿಕೆ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡುವುದು, ಫೋನ್ ಕೆಳಗಿಡುವುದು, ಹೊಟ್ಟೆ ತುಂಬ ತಿನ್ನದೆ ಹಗುರವಾಗಿ ತಿನ್ನುವುದು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ಪ್ರಯಾಣಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು. ಈ ಮಾತ್ರೆಗಳು ನಿದ್ದೆ ತರಿಸುವುದರಿಂದ ವಾಹನ ಓಡಿಸುವವರು ನುಂಗಬಾರದು.

ಮ್ಯಾಪ್ ತೋರಿಸಿದ ದಾರಿ ಸರಿಯೇ?

ಮ್ಯಾಪ್ ಆ್ಯಪ್‌ಗಳು ರಸ್ತೆಯಲ್ಲಿರುವ ಫೋನ್‌ಗಳು ಎಷ್ಟು ವೇಗವಾಗಿ ಚಲಿಸುತ್ತಿವೆ ಎಂಬುದನ್ನು ನೋಡಿ ಸಮಯ ಅಂದಾಜಿಸುತ್ತವೆ. ನಗರದಲ್ಲಿ ಫೋನ್‌ಗಳು ಸಾವಿರಾರು, ಅಂದಾಜು ಚೆನ್ನಾಗಿರುತ್ತದೆ. ತೋಟದ ರಸ್ತೆಯಲ್ಲಿ ವಾಹನವೂ ಕಡಿಮೆ, ನೆಟ್‌ವರ್ಕ್ ಕೂಡ ಕಡಿಮೆ. ನಿನ್ನೆ ರಾತ್ರಿ ಮರ ಬಿದ್ದದ್ದು, ಬರೆ ಕುಸಿದದ್ದು ಮ್ಯಾಪಿಗೆ ತಕ್ಷಣ ತಿಳಿಯುವುದಿಲ್ಲ. ಹತ್ತಿರದ ದಾರಿ ಎಂದು ಅದು ತೋರಿಸಿದ್ದು ಯಾರದೋ ಎಸ್ಟೇಟಿನ ಗೇಟಿನ ಮುಂದೆ ಮುಗಿಯಬಹುದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದ ಕಾರು ಅರ್ಧ ಕೊಚ್ಚಿಹೋಗಿದ್ದ ಸೇತುವೆಯಿಂದ ಬಿದ್ದು ಮೂವರು ಸತ್ತರು. ಮ್ಯಾಪ್ ಬೇಡ ಎಂದಲ್ಲ. ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ಕೊನೆಯ ಐದು ಕಿ.ಮೀ. ದಾರಿಯನ್ನು ಮನೆಯವರ ಬಾಯಿಂದ ಕೇಳಿಕೊಳ್ಳಿ.

ಇನ್ನೊಂದು ಕಾರಣಕ್ಕೂ ಸಮಯದ ಲೆಕ್ಕ ಮುಖ್ಯ. ಚೆಟ್ಟಳ್ಳಿ, ಸಿದ್ದಾಪುರದ ಸುತ್ತಮುತ್ತ ಕಾಡು ಮತ್ತು ತೋಟ ಒಂದಕ್ಕೊಂದು ಹೊಂದಿಕೊಂಡಿವೆ. ಮೀನುಕೊಲ್ಲಿ, ದುಬಾರೆ ಕಡೆಯ ಕಾಡಿನ ಆನೆಗಳು ಕಾಫಿ ತೋಟಗಳಿಗೆ ಬರುತ್ತವೆ, ರಸ್ತೆ ದಾಟುತ್ತವೆ. ಮುಸ್ಸಂಜೆ ಮತ್ತು ನಸುಕಿನಲ್ಲಿ ಅವುಗಳ ಓಡಾಟ ಹೆಚ್ಚು. ‘ಆನೆ ಕಂಡರೆ ಹಾರ್ನ್ ಮಾಡಿ, ಹೈಬೀಮ್ ಹಾಕಿ, ಓಡಿಹೋಗುತ್ತದೆ’ ಎಂಬ ಸಲಹೆ ಅಪಾಯಕಾರಿ. ಗಾಬರಿಯಾದ ಆನೆ ವಾಹನದ ಮೇಲೇ ಬರಬಹುದು. ದೂರದಲ್ಲೇ ನಿಲ್ಲಿಸಿ, ಇಳಿಯಬೇಡಿ, ಹಾರ್ನ್ ಬೇಡ, ಫೋಟೊಕ್ಕೆ ಫ್ಲ್ಯಾಶ್ ಬೇಡವೇ ಬೇಡ. ಅದು ದಾಟಿ ಹೋಗಲಿ, ಹಿಂದೆ ಮರಿ ಇರಬಹುದು ಎಂದು ಕಾಯಿರಿ. ಕತ್ತಲಾಗುವ ಮೊದಲು ಮನೆ ಸೇರುವಂತೆ ಹೊರಟರೆ ಇದರ ಪ್ರಮೇಯವೇ ಕಡಿಮೆ. ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಒಬ್ಬರೇ ವಾಕಿಂಗ್ ಹೋಗುವ ಮುನ್ನವೂ ಮನೆಯವರನ್ನು ಒಂದು ಮಾತು ಕೇಳಿ.

ಆ ವಿಡಿಯೊ ಈ ವರ್ಷದ್ದೇ?

ಈಗ ಮಳೆಗಾಲದ ವಿಷಯ. ಕೊಡಗು ಸತತ ಮೂರು ಆಗಸ್ಟ್‌ಗಳಲ್ಲಿ ಭೂಕುಸಿತ ಕಂಡಿತು. 2018ರಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು ಸುತ್ತಮುತ್ತ ಗುಡ್ಡಗಳು ಜಾರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮದಲ್ಲಿ ಬೆಟ್ಟ ಕುಸಿಯಿತು. 2020ರಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು. ಮೂರೂ ವರ್ಷ ಜೀವಹಾನಿಯಾಯಿತು. ಆ ದಿನಗಳ ವಿಡಿಯೊಗಳು ಇಂದಿಗೂ ಪ್ರತಿ ಮಳೆಗಾಲ ‘ಈಗಷ್ಟೇ ನಡೆದದ್ದು’ ಎಂದು ಫೋನಿನಿಂದ ಫೋನಿಗೆ ಹೋಗುತ್ತಿರುತ್ತವೆ.

ಹಳೆಯ ವಿಡಿಯೊ ನೋಡಿ ಪ್ರವಾಸ ರದ್ದು ಮಾಡಿದರೆ ನಷ್ಟ ನಮಗಷ್ಟೇ ಅಲ್ಲ. ಅಡುಗೆಗೆ ಬರುವವರು, ಜೀಪು ಓಡಿಸುವವರು, ಒಂದೆರಡು ರೂಮ್ ನಂಬಿಕೊಂಡ ಸಣ್ಣ ಬೆಳೆಗಾರರ ಆ ತಿಂಗಳ ಆದಾಯವೂ ಹೋಗುತ್ತದೆ. ಮತ್ತೊಂದು ಕಡೆ, ಹಳೆಯ ವಿಡಿಯೊಗಳನ್ನು ನೋಡಿ ನೋಡಿ ನಿಜವಾದ ಎಚ್ಚರಿಕೆಯನ್ನೂ ‘ಇದೂ ಸುಳ್ಳೇ’ ಎಂದು ತಳ್ಳಿಹಾಕುವ ಅಪಾಯವಿದೆ. ವಿಡಿಯೊದ ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಹಳೆಯದೋ ಹೊಸದೋ ಹಲವು ಬಾರಿ ತಿಳಿದುಬಿಡುತ್ತದೆ.

ಕೊಡಗು ಎಂದರೆ ಒಂದೇ ಹವಾಮಾನವೂ ಅಲ್ಲ. ಪಶ್ಚಿಮದ ಭಾಗಮಂಡಲದ ಕಡೆ ಸುರಿಯುವ ಮಳೆಗೂ ಪೂರ್ವದ ಕುಶಾಲನಗರದ ಕಡೆ ಬೀಳುವ ಮಳೆಗೂ ಅಜಗಜಾಂತರ. ಚೆಟ್ಟಳ್ಳಿ ಈ ಎರಡರ ನಡುವೆ, ಪೂರ್ವಕ್ಕೆ ಸರಿದು ಇದೆ. ಆದ್ದರಿಂದ ‘ಕೊಡಗು ಅಪಾಯ’ ಎಂಬ ಮಾತೂ ‘ಕೊಡಗಿನಲ್ಲಿ ಏನೂ ಆಗಿಲ್ಲ’ ಎಂಬ ಮಾತೂ ಅರ್ಧಸತ್ಯ. ಕೇಳಬೇಕಾದ್ದು ಯಾವ ಊರು, ಆ ಊರಿನಲ್ಲಿ ಯಾವ ಮನೆ ಎಂದು.

‘ವ್ಯೂ’ ಚೆನ್ನಾಗಿದೆ, ಆದರೆ ಮನೆ ಎಲ್ಲಿ ನಿಂತಿದೆ?

ಇಳಿಜಾರಿನ ಮಣ್ಣು ನಿಂತಿರುವುದು ಅದರ ಬುಡದ ಆಸರೆಯಿಂದ. ಮನೆಗೋ ರಸ್ತೆಗೋ ಬುಡವನ್ನು ನೇರವಾಗಿ ಕಡಿದರೆ ಆ ಆಸರೆ ಹೋಗುತ್ತದೆ. ದಿನಗಟ್ಟಲೆ ಮಳೆ ಬಿದ್ದಾಗ ನೀರು ಮಣ್ಣಿನ ಕಣಗಳ ನಡುವೆ ತುಂಬಿ ಅವುಗಳ ಹಿಡಿತ ಸಡಿಲಿಸುತ್ತದೆ. ನೀರು ಹರಿದುಹೋಗುವ ತೋಡನ್ನು ಮುಚ್ಚಿದ್ದರೆ ಅದು ಒಳಗೇ ನಿಲ್ಲುತ್ತದೆ. ಒಂದು ಹಂತದಲ್ಲಿ ಮಣ್ಣು ಕೆಸರಿನಂತೆ ಜಾರುತ್ತದೆ. 2018ರ ಕುಸಿತಗಳ ಬಳಿಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನು ಕಾರಣಗಳಲ್ಲಿ ಒಂದಾಗಿ ಹೇಳಿತು.

ಹಾಗಾಗಿ ಫೋಟೊಗಳನ್ನು ನೋಡುವಾಗ ಕಣಿವೆಯ ಕಡೆಯ ದೃಶ್ಯವನ್ನಷ್ಟೇ ನೋಡಬೇಡಿ, ಮನೆಯ ಹಿಂಭಾಗದ ಫೋಟೊ ಕೇಳಿ. ಗೋಡೆಗೆ ತಾಗಿದಂತೆ ಎತ್ತರದ ಬರೆ ಇದೆಯೇ? ತಡೆಗೋಡೆ ಇದ್ದರೆ ನೀರು ಹೊರಬರಲು ತೂತುಗಳಿವೆಯೇ? ಮನೆಯ ಪಕ್ಕದಲ್ಲೇ ತೋಡು ಹರಿಯುತ್ತದೆಯೇ? 2018ರಲ್ಲಿ ಇಲ್ಲಿ ಏನಾಗಿತ್ತು? ಈ ಕೊನೆಯ ಪ್ರಶ್ನೆಗೆ ಊರಿನವರು ಸಾಮಾನ್ಯವಾಗಿ ನೇರ ಉತ್ತರ ಕೊಡುತ್ತಾರೆ, ಏಕೆಂದರೆ ಆ ವರ್ಷವನ್ನು ಅಲ್ಲಿ ಯಾರೂ ಮರೆತಿಲ್ಲ.

ಹವಾಮಾನ ಇಲಾಖೆಯ ಬಣ್ಣಗಳ ಅರ್ಥವನ್ನೂ ತಿಳಿದಿರಬೇಕು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 204.4 ಮಿ.ಮೀ. ಮೀರುವ ಮಳೆಯನ್ನು ಇಲಾಖೆ ‘ಅತ್ಯಂತ ಭಾರಿ’ ಎನ್ನುತ್ತದೆ. ಕೆಂಪು ಎಚ್ಚರಿಕೆ ಇದ್ದ ದಿನ ರೂಮಿನ ಹಣ ವಾಪಸ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹೊರಡುವುದು ಸಲ್ಲದು. ಬುಕ್ ಮಾಡುವಾಗಲೇ ‘ರೆಡ್ ಅಲರ್ಟ್ ಬಂದರೆ ದಿನಾಂಕ ಬದಲಿಸುತ್ತೀರಾ?’ ಎಂದು ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಪಡೆದಿಟ್ಟುಕೊಳ್ಳಿ. ಮಳೆಗಾಲದ ಡಿಸ್ಕೌಂಟ್ ಬರುವುದು ಕಕ್ಕಡ ತಿಂಗಳ ಆಸುಪಾಸಿನಲ್ಲಿ. ಊರಿನವರೇ ಅನಗತ್ಯ ಓಡಾಟ ಬಿಟ್ಟು ಮನೆಯಲ್ಲಿರುವ ಕಾಲ ಅದು ಎಂಬುದು ನೆನಪಿರಲಿ.

ಉಳಿದುಕೊಂಡ ಮೇಲೆ ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾದ ಅಥವಾ ನಿಂತೇಹೋದ ತೋಡಿನ ನೀರು, ಗುಡ್ಡದೊಳಗಿನಿಂದ ಗುಡುಗುಡು ಸದ್ದು ಕಂಡುಬಂದರೆ ಸಾಮಾನು ಕಟ್ಟುತ್ತ ಕೂರಬೇಡಿ. ನೀರು ಹರಿಯುವ ದಾರಿ ಬಿಟ್ಟು ಪಕ್ಕಕ್ಕೆ, ಎತ್ತರದ ಗಟ್ಟಿ ಜಾಗಕ್ಕೆ ಹೋಗಿ 112ಕ್ಕೆ ಕರೆ ಮಾಡಿ.

ಕನ್ನಡಿಗೆ ಬೆರಳು, ಗೀಸರಿಗೆ ಯಾರು?

ಬೆರಳು ಮತ್ತು ಪ್ರತಿಬಿಂಬದ ನಡುವೆ ಅಂತರವಿದ್ದರೆ ಸಾಧಾರಣ ಕನ್ನಡಿ, ಇಲ್ಲದಿದ್ದರೆ ಆಚೆಯಿಂದ ನೋಡಬಹುದಾದ ಕನ್ನಡಿ ಎನ್ನುತ್ತದೆ ಫಾರ್ವರ್ಡ್. ಮನೆಯ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದೆ ಇರುವುದರಿಂದ ಅಂತರ ಕಾಣುತ್ತದೆ. ಆದರೆ ಎರಡೂ ಕಡೆ ಕೆಲಸ ಮಾಡುವ ಗಾಜಿನಲ್ಲೂ ಲೇಪ ಹಿಂಬದಿಗೆ ಇರಬಹುದು, ಹೊಳೆಯುವ ಉಕ್ಕಿನ ಕನ್ನಡಿಯಲ್ಲಿ ಅಂತರವೇ ಇರುವುದಿಲ್ಲ. ಹಾಗಾಗಿ ಈ ಪರೀಕ್ಷೆ ಎರಡು ಕಡೆಗೂ ತಪ್ಪು ಹೇಳಬಲ್ಲದು. ‘ಕ್ಯಾಮೆರಾ ಇದ್ದರೆ ಫೋನ್ ಕರೆ ಹೋಗುವುದಿಲ್ಲ’ ಎಂಬುದೂ ಸುಳ್ಳು. ಹಾಗಿದ್ದಿದ್ದರೆ ನೆಟ್‌ವರ್ಕ್ ಸಿಗದ ಕೊಡಗಿನ ತೋಟಗಳಲ್ಲೆಲ್ಲ ಕ್ಯಾಮೆರಾ ಇರಬೇಕಿತ್ತು. ದೀಪ ಆರಿಸಿ, ಟಾರ್ಚ್ ಬೆಳಕಿನಲ್ಲಿ ಅಡಾಪ್ಟರ್, ಗಡಿಯಾರ, ಹೊಗೆ ಪತ್ತೆ ಸಾಧನ, ಶವರಿನ ಎದುರಿನ ಜಾಗಗಳನ್ನು ನೋಡಿ. ಮಸೂರವಿದ್ದರೆ ಚುಕ್ಕೆಯಂತೆ ಹೊಳೆಯುತ್ತದೆ. ಸಿಕ್ಕರೆ ಮುಟ್ಟದೆ ಫೋಟೊ ತೆಗೆದು ಪೊಲೀಸರಿಗೆ ತಿಳಿಸಿ. ಹೀಗೆ ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರಡಿ ಅಪರಾಧ.

ಕನ್ನಡಿಯ ಬಗ್ಗೆ ಇಷ್ಟು ಫಾರ್ವರ್ಡ್‌ಗಳಿವೆ. ಅದೇ ಸ್ನಾನದ ಮನೆಯಲ್ಲಿರಬಹುದಾದ ಗ್ಯಾಸ್ ಗೀಸರ್ ಬಗ್ಗೆ ಎಷ್ಟು ಬಂದಿವೆ? ಗಾಳಿ ಸಾಲದ ಜಾಗದಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು, ಬಳಿಕ ಪ್ರಜ್ಞೆ ತಪ್ಪುವುದು. ‘ಗ್ಯಾಸ್ ವಾಸನೆ ಬರುತ್ತಿಲ್ಲ, ಹಾಗಾಗಿ ಏನೂ ತೊಂದರೆಯಿಲ್ಲ’ ಎಂಬುದು ಬಹಳ ದೊಡ್ಡ ತಪ್ಪು ತಿಳಿವಳಿಕೆ. ಆ ವಾಸನೆ ಎಲ್‌ಪಿಜಿ ಸೋರಿಕೆ ತಿಳಿಯಲೆಂದು ಸೇರಿಸಿದ್ದು. ಉರಿದ ಮೇಲೆ ಹುಟ್ಟುವ ವಿಷಾನಿಲಕ್ಕೆ ಅದು ಇರುವುದಿಲ್ಲ.

ಸಾಧ್ಯವಾದರೆ ಗೀಸರ್ ಸ್ನಾನದ ಮನೆಯ ಹೊರಗಿರುವ, ಅಥವಾ ಕರೆಂಟ್, ಸೋಲಾರ್, ಹೊರಗಿನ ಸೌದೆ ಒಲೆಯಲ್ಲಿ ನೀರು ಕಾಯಿಸುವ ಮನೆಯನ್ನೇ ಆರಿಸಿ. ಒಳಗೇ ಇದ್ದರೆ ಕಿಟಕಿ ತೆರೆದು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು ಆಮೇಲೆ ಸ್ನಾನ ಮಾಡಿ. ಚಳಿ ಎಂದು ಕ್ಯಾಂಪ್‌ಫೈರಿನ ಕೆಂಡವನ್ನು ರೂಮಿಗೋ ಟೆಂಟಿಗೋ ತಂದಿಟ್ಟುಕೊಂಡು ಮಲಗುವುದೂ ಇದೇ ಅಪಾಯ. ಒಳಗೆ ಹೋದವರು ಉತ್ತರಿಸದಿದ್ದರೆ ಬಾಗಿಲು ತೆರೆಸಿ, ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ.

ಅಡ್ವಾನ್ಸ್ ಕಳಿಸುವ ಮುನ್ನ

ಚಂದದ ಫೋಟೊ, 5.0 ಸ್ಟಾರ್, ‘ಇನ್ನೊಂದೇ ರೂಮ್ ಉಳಿದಿದೆ, ಈಗಲೇ ಅರ್ಧ ಹಣ ಕಳಿಸಿ’. ನಕಲಿ ಬುಕಿಂಗ್‌ಗಳ ದಾರಿ ಇದೇ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಪ್ರವಾಸಿಗರು ಮತ್ತು ಯಾತ್ರಿಕರನ್ನು ಗುರಿ ಮಾಡುವ ಇಂಥ ವಂಚನೆಗಳ ಬಗ್ಗೆ ಎಚ್ಚರಿಕೆ ನೀಡಿತ್ತು. ಐದು ಜನ ಕೊಟ್ಟ 5.0ಗಿಂತ ಇನ್ನೂರು ಜನ ಕೊಟ್ಟ 4.3 ಹೆಚ್ಚು ನಂಬಲರ್ಹ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಳಿದವರು ಬರೆದ ಮೂರು ಸ್ಟಾರಿನ ವಿಮರ್ಶೆಗಳನ್ನು ಓದಿ. ರಸ್ತೆ, ನೀರು, ಕರೆಂಟಿನ ನಿಜಸ್ಥಿತಿ ಅಲ್ಲಿರುತ್ತದೆ.

ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಹೋಂಸ್ಟೇ ಎಂದರೆ ಮನೆಯವರು ಅಲ್ಲೇ ವಾಸವಿದ್ದು ಕೆಲವೇ ರೂಮ್‌ಗಳನ್ನು ಅತಿಥಿಗಳಿಗೆ ಕೊಡುವುದು. ಬೆಂಗಳೂರಿನಲ್ಲಿ ಕೂತ ಏಜೆಂಟ್, ಅಲ್ಲಿ ಬೀಗ ತೆಗೆಯಲು ಒಬ್ಬ ಹುಡುಗ ಎಂದಾದರೆ ರಾತ್ರಿ ಎರಡಕ್ಕೆ ತೊಂದರೆಯಾದಾಗ ಕರೆಯಲು ಯಾರೂ ಇರುವುದಿಲ್ಲ. ನೋಂದಣಿ ಇದ್ದ ಮಾತ್ರಕ್ಕೆ ಇಳಿಜಾರಿನ ಪರೀಕ್ಷೆ ಆಗಿದೆ ಎಂದೂ ಅರ್ಥವಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಹಣ ಕಳಿಸುವ ಮೊದಲು ಒಂದು ವಿಡಿಯೊ ಕರೆ ಮಾಡಿ ಮನೆಯ ಮುಂದೆ, ಹಿಂದೆ ತೋರಿಸಲು ಹೇಳಿ. ಇಲ್ಲದ ಮನೆಯನ್ನು ತೋರಿಸಲು ಯಾರಿಂದಲೂ ಆಗದು. ರೀಫಂಡ್ ಬರಲು ಕ್ಯುಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ ಎಂದರೆ ಅದು ವಂಚನೆಯೇ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಆ ಮೊದಲ ಗಂಟೆಗಳಲ್ಲೇ ಹೆಚ್ಚು.

‘ಹೋಟೆಲಿಗೆ ಆಧಾರ್ ಕೊಡಲೇಬೇಡಿ’ ಎಂಬ ಸಂದೇಶವೂ ಸುತ್ತುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಅಂಥ ಪ್ರಕಟಣೆ ಹೊರಡಿಸಿದ್ದು ನಿಜ. ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆಯೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಹಿಂಪಡೆದ ಸುದ್ದಿ ಮಾತ್ರ ಫಾರ್ವರ್ಡ್ ಆಗಲಿಲ್ಲ. ಗುರುತಿನ ಚೀಟಿ ಕೊಡಬೇಕಾಗುತ್ತದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಅಥವಾ ಬೇರೆ ಯಾವುದಾದರೂ ಸರ್ಕಾರಿ ಗುರುತಿನ ಚೀಟಿ ಕೊಡಬಹುದು.

ಒಂದು ಫೋನ್ ಕರೆ, ಏಳು ಪ್ರಶ್ನೆ

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ. ಬುಕ್ ಮಾಡುವ ಮುನ್ನ ಮನೆಯವರಿಗೆ ಒಂದು ಕರೆ ಮಾಡಿ ಇಷ್ಟು ಕೇಳಿ:

1. ನೀವು ಅದೇ ಮನೆಯಲ್ಲಿ ಇರುತ್ತೀರಾ? ನೋಂದಣಿ ಸಂಖ್ಯೆ ಎಷ್ಟು?
2. ಮನೆಯ ಹಿಂದೆ ಬರೆ ಇದೆಯಾ, ಪಕ್ಕದಲ್ಲಿ ತೋಡು ಇದೆಯಾ? 2018ರಲ್ಲಿ ಏನಾಗಿತ್ತು?
3. ಬಿಸಿನೀರು ಹೇಗೆ? ಗ್ಯಾಸ್ ಗೀಸರ್ ಎಲ್ಲಿದೆ?
4. ನಾವು ನೋಡಬೇಕೆಂದಿರುವ ಜಾಗಗಳಿಗೆ ಎಷ್ಟು ಗಂಟೆ ಹಿಡಿಯುತ್ತದೆ?
5. ಮುಖ್ಯರಸ್ತೆಯಿಂದ ಮನೆಗೆ ಸಣ್ಣ ಕಾರು ಬರುತ್ತದಾ? ಕೊನೆಯ ಬಸ್ ಎಷ್ಟಕ್ಕೆ?
6. ಆನೆ ಓಡಾಟ ಇದೆಯಾ? ಎಷ್ಟು ಗಂಟೆಯೊಳಗೆ ಬಂದು ಸೇರಬೇಕು?
7. ನೆಟ್‌ವರ್ಕ್ ಯಾವುದು ಸಿಗುತ್ತದೆ? ರೆಡ್ ಅಲರ್ಟ್ ಬಂದರೆ ದಿನಾಂಕ ಬದಲಿಸುತ್ತೀರಾ?

ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಳ್ಳುವವರ ಮನೆ ಬಿಟ್ಟುಬಿಡಿ. ‘ಆರು ಗಂಟೆಯೊಳಗೆ ಬನ್ನಿ, ಆಮೇಲೆ ಆನೆ ಇರುತ್ತದೆ’, ‘ಈ ವಾರ ಮಳೆ ಜೋರು, ಮುಂದಿನ ವಾರ ಬನ್ನಿ’ ಎಂದು ತಮ್ಮ ನಷ್ಟ ನೋಡದೆ ಹೇಳುವವರು ಸಿಕ್ಕರೆ ಅವರ ನಂಬರ್ ಉಳಿಸಿಕೊಳ್ಳಿ. ಸ್ಟಾರ್ ಎಷ್ಟೇ ಇರಲಿ, ಉಳಿಯಬೇಕಾದ ಮನೆ ಅದೇ.

ಕೊಡಗಿಗೆ ಹೊರಟಿರುವ ಯಾರಾದರೂ ನಿಮ್ಮ ಗುಂಪಿನಲ್ಲಿದ್ದರೆ, ಗುಡ್ಡ ಜಾರುವ ಆ ಹಳೆಯ ವಿಡಿಯೊ ಬದಲು ಈ ಏಳು ಪ್ರಶ್ನೆಗಳನ್ನು ಕಳಿಸಿ.